ಮುಧೋಳದ ನಾಯಿ, ದಿಂಡೋರಿಯ ಕೋಳಿ

ನನ್ನ ಮಗಳಿಗೆ ಕನ್ನಡ ಕಿವಿಯಿಂದ ಒಳಗೆ ಹೋಗುತ್ತದೆ, ಬಾಯಿಂದ ಮರಾಠಿಯಾಗಿ ಹೊರಗೆ ಬರುತ್ತದೆ. ನಾನು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಸಂಜೆಯವರೆಗೆ ಸಿಗುವುದಿಲ್ಲ. ನನ್ನ ಗಂಡನಿಗೆ ಸಂಭಾಜಿನಗರಕ್ಕೆ ವರ್ಗವಾಗಿ, ಅವರು ಶನಿವಾರದ ನೆಂಟರಾಗಿದ್ದರು. ಹೀಗಾಗಿ ಮೊಮ್ಮಗಳನ್ನು ನೋಡಿಕೊಳ್ಳಲೆಂದು ಬಾಗಲಕೋಟೆ ಕಡೆಯಿಂದ ಮಹಾರಾಷ್ಟ್ರದ ದಿಂಡೋರಿಗೆ ಬಂದ ನಮ್ಮ ಅತ್ತೆಗೆ, ದಿನವಿಡೀ ಕನ್ನಡದಲ್ಲಿ ಮಾತಾಡಲು ಉಳಿದವು ಕೋಳಿಗಳು ಮಾತ್ರ.

ಕೋಳಿ ತಂದವರೂ ಅವರೇ. ನಮ್ಮ ಬಾಡಿಗೆ ಮನೆ ದ್ರಾಕ್ಷಿ ತೋಟದ ಅಂಚಿನಲ್ಲಿತ್ತು. ಬೆಳಿಗ್ಗೆ ಬುಟ್ಟಿ ಎತ್ತಿದರೆ ಕೋಳಿಗಳು ಬಳ್ಳಿಯ ಸಾಲಿಗೆ ನುಗ್ಗಿ ಹುಳ ಹೆಕ್ಕುತ್ತಿದ್ದವು, ಸಂಜೆ ತಾವೇ ತಿರುಗಿ ಬರುತ್ತಿದ್ದವು. ಅತ್ತೆ ಅವಕ್ಕೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ನನ್ನ ಮೇಲಿನ ದೂರುಗಳೂ ಅಲ್ಲಿಯೇ ದಾಖಲಾಗುತ್ತಿದ್ದವು ಎಂಬುದು ಅಡುಗೆಮನೆಯ ಕಿಟಕಿಯಿಂದ ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಮುಂಗುಸಿ ಬಂತು. ಮೊದಲು ಮರಿಗಳು ಹೋದವು, ಆಮೇಲೆ ಒಂದು ಹುಂಜ. ಕಾವಿಗೆ ಕೂತಿದ್ದ ಕರಿ ಹೇಂಟೆ ಹೋದ ದಿನ ಅತ್ತೆ ಊಟ ಮಾಡಲಿಲ್ಲ. ಅಟ್ಟದ ಮೇಲಿದ್ದ ತಮ್ಮ ಪ್ರಯಾಣದ ಖಾಲಿ ಚೀಲ ಇಳಿಸಿ, ಧೂಳು ಕೊಡವಿ, ಗೂಟಕ್ಕೆ ತೂಗುಹಾಕಿದರು.

“ಕೋಳಿನೂ ಹೋದ್ವು. ಇನ್ನ ನಾ ಯಾರ ಜೋಡಿ ಮಾತಾಡ್ಲಿ, ಗ್ವಾಡಿ ಜೋಡಿ? ಇನ್ನೊಂದು ಹ್ವಾತು ಅಂದ್ರ ನಾನೂ ಊರಿಗೆ ಹೊಂಟೆ ನೋಡವಾ.”

ಅವರನ್ನು ಹೇಗಾದರೂ ಉಳಿಸಿಕೊಳ್ಳಬೇಕೆನಿಸಿತು. ಅವರು ಹೋದರೆ ಶಾಲೆಯಿಂದ ಬರುವ ಮಗಳಿಗೆ ಬಾಗಿಲು ತೆಗೆಯುವವರು ಯಾರು ಎಂಬ ಸ್ವಾರ್ಥ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅದಷ್ಟೇ ಅಲ್ಲ. ಸಂಜೆ ಚಪ್ಪಲಿ ಬಿಡುತ್ತಿದ್ದಂತೆ “ಬಂದೇನವಾ, ಮಾರಿ ನೋಡು ಹೆಂಗ ಬಾಡೈತಿ” ಎಂದು ಬೈಯುವ ಒಂದು ದನಿಗೆ ನಾನು ಒಗ್ಗಿಹೋಗಿದ್ದೆ. ಅತ್ತೆಯನ್ನು ಅಷ್ಟು ಹಚ್ಚಿಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆ ಗೂಟದ ಚೀಲ ನೋಡಿದ ಮೇಲೆ ಗೊತ್ತಾಯಿತು.

ನಾಯಿ ಸಾಕುವುದೆಂದು ನಿಶ್ಚಯವಾಯಿತು. ಯಾವ ಜಾತಿಯ ನಾಯಿ ಎಂಬುದು ಮಾತ್ರ ಆಗಲಿಲ್ಲ.

ನನ್ನ ಗಂಡ ಮೊಬೈಲಿನಲ್ಲಿ ವಿಡಿಯೋ ನೋಡಿ, ಎಲ್ಲೋ ಹಿಮದ ಬೆಟ್ಟದಲ್ಲಿ ಕುರಿ ಕಾಯುವ, ಕಂಬಳಿ ಹೊದ್ದಂತಿರುವ ಬಿಳಿ ನಾಯಿಯೊಂದನ್ನು ಆರಿಸಿದರು. ಅದು ಕೋಳಿಗಳ ನಡುವೆ ಸಾಧುವಿನಂತೆ ಮಲಗುತ್ತದಂತೆ. “ಇಲ್ಲಿ ಮೇ ತಿಂಗಳ ಬಿಸಿಲಿಗೆ ಅದಕ್ಕ ಕೂಲರ್ ನೀವು ಹಚ್ಚತೀರೇನ್ರಿ?” ಎಂದು ಕೇಳಿದೆ. ಶನಿವಾರದ ನೆಂಟರು ಮೊಬೈಲು ಜೇಬಿಗಿಟ್ಟರು.

ತೋಟದ ಮಾಲೀಕರು ನಮಗೆ ಹಾಲು ಕೊಡಲು ಬಂದವರು ಅಲ್ಲಿಯೇ ಕೂತು ತೀರ್ಪು ಕೊಟ್ಟರು: ನಾಯಿ ಅಂದರೆ ಕಾರವಾನ. ಮಹಾರಾಷ್ಟ್ರದ ಹೆಮ್ಮೆ. ಸಂಭಾಜಿನಗರದ ಹತ್ತಿರ ವೇರೂಳದಲ್ಲಿ ತಮ್ಮ ಸಂಬಂಧಿಕರ ಮನೆಯಲ್ಲಿ ಒಂದಿದೆ, ಕೇಳಿದರೆ ಕೊಡುತ್ತಾರೆ.

ಮಗಳು ಇದನ್ನು ಅಜ್ಜಿಗೆ ಅರ್ಧ ಕೈಯಲ್ಲಿ, ಅರ್ಧ ಕನ್ನಡದಲ್ಲಿ ತಿಳಿಸಿದಳು. ಅತ್ತೆ ಸೆರಗು ಬಿಗಿದರು. ಅವರ ತವರು ಮುಧೋಳದ ಪಕ್ಕದ ಹಳ್ಳಿ. “ನಾಯಿ ಅಂದ್ರ ಮುಧೋಳದ್ದು. ರಾಜರ ಮನ್ಯಾಗ ಇದ್ದ ನಾಯಿ ಅದು. ಉಳಿದಾವೆಲ್ಲ ಬಾಲ ಇದ್ದ ಕುರಿ!”

ಮುಂಗುಸಿ ಬೇಲಿಯಾಚೆ ಕಾಯುತ್ತಿರುವಾಗ ಇಲ್ಲಿ ಎರಡು ರಾಜ್ಯಗಳ ಮಾನದ ಪ್ರಶ್ನೆ ಶುರುವಾಯಿತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ, ನಿಜ. ಆದರೆ ಕೋಳಿ ಕಾಯುವ ನಾಯಿ ಆರಿಸುವಾಗಲಾದರೂ ಕೋಳಿಯ ಕಡೆಯಿಂದ ಒಮ್ಮೆ ಯೋಚಿಸಬೇಕಿತ್ತು. ಯಾರೂ ಯೋಚಿಸಲಿಲ್ಲ. ಓದಿದವಳು ಎನಿಸಿಕೊಂಡ ನಾನೂ ಇಲ್ಲ.

ಮುಧೋಳ ದೂರ, ವೇರೂಳವೇ ಹತ್ತಿರ. ಅಲ್ಲಿನ ಘೃಷ್ಣೇಶ್ವರನ ದರ್ಶನ ಮಾಡಿಸುತ್ತೇವೆಂದು ಅತ್ತೆಯನ್ನು ಹೊರಡಿಸಿದೆವು. ಮಾಲೀಕರೂ ಕಾರು ಹತ್ತಿದರು. ಸಂಭಾಜಿನಗರದಲ್ಲಿ ಗಂಡನನ್ನು ಹತ್ತಿಸಿಕೊಂಡು ವೇರೂಳಕ್ಕೆ ಹೋಗಿ, ದೇವರಿಗೆ ಕೈಮುಗಿದು, ನಾಯಿಯಿದ್ದ ಮನೆಯ ಅಂಗಳಕ್ಕೆ ಕಾಲಿಟ್ಟೆವು. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮೂತಿಯ ಎಳೆಯ ನಾಯಿ ಎದ್ದು ನಿಂತಿತು. ಅತ್ತೆ ಅಲ್ಲಿಯೇ ನಿಂತುಬಿಟ್ಟರು.

“ಅಯ್ಯ ಶಿವನ! ಇದು ನಮ್ಮ ಮುಧೋಳದ್ದೈತಲ್ಲೋ! ನಮ್ಮಪ್ಪನ ನಾಯಿ ಹಿಂಗ ನಿಂದರತಿತ್ತು.”

“ಕಾರವಾನ, ಆಜಿ, ಕಾರವಾನ,” ಎಂದರು ಮಾಲೀಕರು.

ಒಂದೇ ನಾಯಿಗೆ ಆ ಕಡೆ ಒಂದು ಹೆಸರು, ಈ ಕಡೆ ಒಂದು ಹೆಸರು. ಇಬ್ಬರೂ ತಾವೇ ಗೆದ್ದೆವೆಂದುಕೊಂಡಿದ್ದರಿಂದ ಜಗಳ ಮುಗಿಯಿತು. ನಾಯಿಯ ಯಜಮಾನ ಅದರ ಬೆನ್ನು ತಟ್ಟಿ, ಓಡುವ ಮೊಲ ಕಣ್ಣಿಗೆ ಬಿದ್ದರೆ ಇವನು ಬಿಡುವುದೇ ಇಲ್ಲ ಎಂದ. ನಾವೆಲ್ಲ ಅದನ್ನು ದೊಡ್ಡ ಅರ್ಹತೆಯೆಂದು ತಿಳಿದು ತಲೆಯಾಡಿಸಿದೆವು.

ಮನೆಗೆ ತಂದು, ಅತ್ತೆ ಅದಕ್ಕೆ ಕುಂಕುಮವಿಟ್ಟು, ಆರತಿ ಎತ್ತಿ, ಹೊಸ ಸೊಸೆಯನ್ನು ಒಳಗೆ ಕರೆದಂತೆ ಕರೆದುಕೊಂಡರು. ನನಗೂ ಅಷ್ಟು ದೊಡ್ಡ ಆರತಿ ಆಗಿರಲಿಲ್ಲ. ನಂತರ ಹಗ್ಗ ಬಿಚ್ಚಿದರು.

ಅಷ್ಟರಲ್ಲಿ ಕೆಂಪು ಹೇಂಟೆ ಅಂಗಳ ದಾಟಿ ಓಡಿತು.

ಮುಂದೆ ನಡೆದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ, ಅಷ್ಟು ಬೇಗ ನಡೆಯಿತು. ನಾಯಿ ಇದ್ದ ಜಾಗದಲ್ಲಿ ಧೂಳಿತ್ತು. ಹೇಂಟೆ ದ್ರಾಕ್ಷಿ ಚಪ್ಪರದ ತಂತಿಯ ಮೇಲೆ ಕೂತು ಬೊಬ್ಬೆ ಹೊಡೆಯುತ್ತಿತ್ತು. ಅದರ ಬಾಲದ ಗರಿಗಳು ನಾಯಿಯ ಬಾಯಲ್ಲಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾನು ಅಲ್ಲಿಯವರೆಗೆ ಪರೀಕ್ಷೆಯಲ್ಲಿ ಬರೆದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಮಾಲೀಕರು ಗಂಟಲು ಸರಿಮಾಡಿಕೊಂಡು, “ಆಜಿ, ಹಾ ಮುಧೋಳ್‌ಚಾಚ ದಿಸತೋ,” ಎಂದರು. ನಾಯಿ ನಿಮ್ಮ ಮುಧೋಳದ್ದೇ ಇರಬೇಕು ಎಂದು ಮಗಳು ನಗುತ್ತ ತಿಳಿಸಿದಳು.

“ಇಲ್ಲಿ ನೀರು ಕುಡದು ಹಿಂಗಾಗೈತಿ,” ಎಂದರು ಅತ್ತೆ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು, ತವರಿನವರಿಗೆ ನಾಯಿ ಮುದ್ದು. ವಾಪಸು ಕೊಟ್ಟುಬರೋಣವೆಂದು ನಾನು ಅಂದಾಗ ನನ್ನನ್ನು ದುರುಗುಟ್ಟಿ ನೋಡಿದರು. “ಸಣ್ಣದೈತಿ. ತಿಳುವಳಿಕಿ ಬರತೈತಿ. ನಿನಗ ಬರಲಿಲ್ಲೇನು?”

ಮರುದಿನದಿಂದ ಅತ್ತೆ ಬೇವಿನ ಮರದ ಕೆಳಗೆ ಹೊರಸು ಹಾಕಿಸಿ, ಅದರ ಕಾಲಿಗೆ ನಾಯಿಯ ಹಗ್ಗ ಕಟ್ಟಿ, ಮೇಲೆ ತಾವು ಕೂತರು. ಕೈಯಲ್ಲಿ ಕೋಲು. ಕೋಳಿ ಓಡಿದರೆ ನಾಯಿ ಜಗ್ಗುತ್ತಿತ್ತು, ಹೊರಸು ಅತ್ತೆಯ ಸಮೇತ ಒಂದು ಗೇಣು ಮುಂದೆ ಸರಿಯುತ್ತಿತ್ತು. ವೇರೂಳದ ನಾಯಿಗೆ ಕನ್ನಡದ ಬೈಗುಳ ತಾಗುತ್ತಿರಲಿಲ್ಲ. ಹಾಗಾಗಿ ಅತ್ತೆ ಮೊಮ್ಮಗಳಿಂದ “ಬಸ್ ಖಾಲೀ!” ಎಂದು ಕುಳ್ಳಿರಿಸುವುದನ್ನು ಕಲಿತರು, ಆಮೇಲೆ ಇನ್ನೂ ನಾಲ್ಕು ಮಾತು. ದ್ರಾಕ್ಷಿ ಕಡ್ಡಿ ಕತ್ತರಿಸಲು ಬರುತ್ತಿದ್ದ ಹೆಂಗಸರು ಈ ಹಗ್ಗಜಗ್ಗಾಟ ನೋಡಲು ಚಹದ ಹೊತ್ತಿಗೆ ಅಲ್ಲಿಗೇ ಬಂದು ಕೂರತೊಡಗಿದರು. ನಾಯಿಗೆ ಹೇಳಲು ಕಲಿತ ಮರಾಠಿಯಿಂದಲೇ ಅತ್ತೆ ಅವರ ಜೊತೆಗೂ ಮಾತು ಶುರುಮಾಡಿದರು. ಒಬ್ಬಾಕೆಗೆ ಚಹ ಕೊಟ್ಟು “ಬಸ್ ಖಾಲೀ!” ಎಂದು ಗದರಿದ್ದನ್ನು ಕೇಳಿ ನಾನು ಓಡಿಹೋಗಿ ಕ್ಷಮೆ ಕೇಳಬೇಕಾಯಿತು. ಆಕೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ಮುಂಗುಸಿ ಮತ್ತೆ ಬರಲಿಲ್ಲ. ನಾಯಿಯ ವಾಸನೆಗೋ ಅತ್ತೆಯ ಕೋಲಿಗೋ ನಾನು ಹೇಳಲಾರೆ. ಕೇಳಿದವರಿಗೆಲ್ಲ ಅತ್ತೆ, “ನಾಯಿ ಕಾಯತೈತಿ,” ಎನ್ನುತ್ತಿದ್ದರು.

ಗೂಟದ ಚೀಲ ಮಾತ್ರ ಇಳಿಯಲಿಲ್ಲ. ನಾನು ಪ್ರತಿ ಸಂಜೆ ಮೊದಲು ಅದನ್ನು ನೋಡುತ್ತಿದ್ದೆ, ಆಮೇಲೆ ಮಗಳ ಮುಖವನ್ನು. ದೀಪಾವಳಿ ಹತ್ತಿರ ಬಂದಾಗ ಗಂಡ, “ಅವ್ವಾ, ಊರಿಗೆ ಟಿಕೀಟ್ ತಗಸಲೇನು?” ಎಂದು ಕೇಳಿದರು. ನಾನು ಒಗ್ಗರಣೆಯ ಸೌಟು ಹಿಡಿದು ಹಾಗೇ ನಿಂತೆ. ಸಾಸಿವೆ ಸೀದುಹೋಯಿತು.

“ಹುಚ್ಚನ ಹಂಗ ಮಾತಾಡಬ್ಯಾಡ,” ಎಂದರು ಅತ್ತೆ, ಹೊರಗೆ ಹೊರಸಿನ ಮೇಲಿಂದಲೇ. “ನಾ ಹ್ವಾದ್ರ ಈ ನಾಯಿ ಬಾಯಿಂದ ಕೋಳಿ ಉಳಸೋರು ಯಾರು?”

ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹೊರಗಿನಿಂದ ಮತ್ತೆ ಅತ್ತೆಯ ಕೂಗು ಬಂತು.

“ಯವ್ವಾ, ಆ ಗೂಟದಾಗಿನ ಚೀಲಕ್ಕ ಹುಲ್ಲು ತುಂಬಿಕೊಂಡು ಬಾ. ಕೆಂಪು ಹ್ಯಾಂಟಿ ಕಾವಿಗೆ ಕುಂತೈತಿ.”