ತಿಥಿ ಗೊತ್ತಿಲ್ಲದ ತಮ್ಮ

ಸತ್ತವರನ್ನು ನೆನೆಯುವುದು ಬದುಕಿರುವವರ ಮೊದಲ ಕರ್ತವ್ಯ ಎಂದು ಬಲ್ಲವರು ಹೇಳುತ್ತಾರೆ. ಅದಕ್ಕಾಗಿ ಹ್ಯೂಸ್ಟನ್ ಪಕ್ಕದ ನಮ್ಮ ಊರು ಕೇಟಿಯಿಂದ ಡಲ್ಲಾಸ್ ಆಚೆಯ ಮರ್ಫಿಯವರೆಗೆ ಐದು ಗಂಟೆ ಡ್ರೈವ್ ಮಾಡಬೇಕು, ದಾರಿಯಲ್ಲಿ ಮೂರು ಕಡೆ ಬಾತ್‌ರೂಮಿಗೆ ನಿಲ್ಲಿಸಬೇಕು ಎಂದು ಯಾವ ಬಲ್ಲವರೂ ಹೇಳಿದ್ದಿಲ್ಲ.

ನಮ್ಮ ಪಕ್ಕದ ಮನೆಯ ಮುದುಕರು ವಿಯೆಟ್ನಾಮಿನವರು. ಸೈಗಾನ್ ಕಮ್ಯುನಿಸ್ಟರ ಕೈಸೇರಿದಾಗ ಅವರು ದೋಣಿ ಹತ್ತಿ ಪಾರಾದರು. ಸೋತ ಕಡೆಯ ಸೈನ್ಯದಲ್ಲಿದ್ದ ತಮ್ಮ ಅಲ್ಲೇ ಸಿಕ್ಕಿಬಿದ್ದ. ಹೊಸ ಸರ್ಕಾರ ಅವನನ್ನು ‘ಮರುಶಿಕ್ಷಣ’ದ ಶಿಬಿರಕ್ಕೆ ಕರೆಯಿತು, ಕೆಲವು ದಿನಕ್ಕಾಗುವಷ್ಟು ಬಟ್ಟೆ ಸಾಕು ಎಂದಿದ್ದರಂತೆ. ಶಿಕ್ಷಣ ಎಷ್ಟು ಗಹನವಾಗಿತ್ತೆಂದರೆ ಅವನು ಅದನ್ನು ಮುಗಿಸಿ ಬರಲೇ ಇಲ್ಲ. ಸತ್ತನೆಂಬ ಸುದ್ದಿ ಬಂತು. ಯಾವತ್ತು ಎಂಬುದು ಬರಲಿಲ್ಲ.

ನಮ್ಮ ಹಾಗೆ ಅವರಲ್ಲೂ ತಿಥಿ ನೋಡಿಯೇ ಸತ್ತವರಿಗೆ ಎಡೆ ಇಡುತ್ತಾರೆ. ಪ್ರತಿವರ್ಷ ಏಪ್ರಿಲ್ ಕೊನೆಗೆ, ಸೈಗಾನ್ ಬಿದ್ದ ದಿನ, ಅವರು ಹ್ಯೂಸ್ಟನ್ನಿನ ಸಭೆಗೆ ಹೋಗಿ, ಕಳೆದುಹೋದ ದೇಶದ ಹಳದಿ ಬಾವುಟದ ಕೆಳಗೆ ನಿಂತು ಬರುತ್ತಿದ್ದರು.

“ಅದು ಎಲ್ಲರ ದಿನ. ನನ್ನ ತಮ್ಮನ ದಿನ ಯಾವುದು?” ಎಂದು ಒಮ್ಮೆ ಬೇಲಿಯ ಆಚೆಯಿಂದ ಕೇಳಿದರು.

ನಾನು ಸಕಲ ಶಾಸ್ತ್ರ ಬಲ್ಲವನ ಗಾಂಭೀರ್ಯದಿಂದ ಪರಿಹಾರ ಸೂಚಿಸಿದೆ: ದಿನ ತಿಳಿಯದವರಿಗೆಂದೇ ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದೆ, ಬೇಕಾದರೆ ನೀವೂ ಇಟ್ಟುಕೊಳ್ಳಿ.

“ಅವನು ಯಾವುದೋ ಒಂದು ದಿನವೇ ಸತ್ತಿದ್ದಾನೆ. ಗೊತ್ತಿಲ್ಲದಿರುವುದು ನನಗೆ,” ಎಂದರು. ನನ್ನ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಮುಂದಿನ ಏಪ್ರಿಲ್ ಸಭೆಯಲ್ಲಿ ಅವರಿಗೊಂದು ಸುಳಿವು ಸಿಕ್ಕಿತು. ಅದೇ ಶಿಬಿರದಲ್ಲಿದ್ದವರೊಬ್ಬರು ಮರ್ಫಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಆದರೆ ಫೋನಿನಲ್ಲಿ ಮಾತಾಡುವುದಿಲ್ಲ. ನಮ್ಮ ಮುದುಕರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಡ್ರೈವ್ ಮಾಡಲು ನಾನು ಹೊರಟೆ.

“ನಿಮ್ಮಪ್ಪನ ತಿಥಿಗೆ ಇಲ್ಲೇ ಪೇರ್ಲ್ಯಾಂಡ್ ದೇವಸ್ಥಾನಕ್ಕೆ ಹೋಗೋಣ ಅಂದ್ರೆ ಬೆನ್ನು ನೋವು ಅಂದ್ರಿ,” ಎಂದಳು ಹೆಂಡತಿ, ಡಬ್ಬಿಗೆ ಚಿತ್ರಾನ್ನ ತುಂಬುತ್ತ. “ಡಲ್ಲಾಸ್ ಅಂದ ಕೂಡ್ಲೇ ನೆಟ್ಟಗಾಯ್ತಾ?”

“ಇದು ಬೇರೆ ಬೆನ್ನು ಕಣೇ.”

“ಗೊತ್ತು ಬಿಡಿ. ಆ ಅಂಕಲ್‌ಗೂ ಹಾಕಿದೀನಿ, ಮರೀದೆ ಕೊಡಿ.”

ಮರ್ಫಿಯ ಆ ಮನೆಯಲ್ಲಿ ಇಬ್ಬರು ಮುದುಕರೂ ಎದುರುಬದುರು ಕೂತು ಚಹಾ ಕುಡಿದರು. ಆಮೇಲೆ ಆ ಮನೆಯ ಮುದುಕರು ಮಾತು ತೆಗೆದರು, ಅದನ್ನು ಮಗಳು ನನ್ನ ಪಕ್ಕ ಕೂತು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಶಿಬಿರಕ್ಕೆ ಹೋದ ಮೂರು ವರ್ಷಕ್ಕೆ, ಸರ್ಕಾರದ ಸ್ವಾತಂತ್ರ್ಯೋತ್ಸವದ ದಿನ, ಬೆಳಿಗ್ಗೆ ಅವನು ಏಳಲಿಲ್ಲ. ದಿನ ಮರೆಯುವಂತಿಲ್ಲ, ಯಾಕೆಂದರೆ ಇಡೀ ವರ್ಷದಲ್ಲಿ ಅವತ್ತೊಂದೇ ದಿನ ಕೈದಿಗಳಿಗೆ ಮಾಂಸ ಕೊಡುತ್ತಿದ್ದರು.

ಆಮೇಲೆ ಮಗಳು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. ಅವಳೂ ಮೊದಲ ಸಲ ಕೇಳುತ್ತಿದ್ದಳೆಂದು ಕಾಣುತ್ತದೆ.

“ಮಾಂಸ ಹಂಚಿ ಮುಗಿಯುವ ತನಕ ಅವನು ಸತ್ತಿದ್ದನ್ನು ನಾನು ಹೇಳಲಿಲ್ಲ, ಅಂತಿದ್ದಾರೆ ಅಪ್ಪ,” ಎಂದಳು ಕೊನೆಗೆ. “ಅವನ ಪಾಲೂ ನಾನೇ ತಿಂದೆ, ಅಂತಿದ್ದಾರೆ.”

ನಮ್ಮ ಮುದುಕರು ಬಟ್ಟಲು ಕೆಳಗಿಟ್ಟು ಒಂದೇ ಮಾತು ಆಡಿದರು. ಅದನ್ನು ಮಗಳು ನನಗೆ ಹೇಳಲಿಲ್ಲ. ಎದ್ದು ಒಳಗೆ ಹೋದಳು.

ವಾಪಸು ಬರುವಾಗ ಹೈವೇಯ ಒಂದು ರೆಸ್ಟ್ ಏರಿಯಾದಲ್ಲಿ ಚಿತ್ರಾನ್ನ ಬಿಚ್ಚಿದೆವು. ಅಲ್ಲಿ ಅವರಿಗೆ ಏನೆಂದಿರಿ ಎಂದು ಕೇಳಿದೆ.

“ತಿಂದದ್ದು ಒಳ್ಳೆಯದಾಯಿತು ಅಂದೆ.” ಡಬ್ಬಿಯ ಮುಚ್ಚಳ ಹಾಕುತ್ತ, “ನಿಜವಾಗಿ ಹಾಗೆ ಅನ್ನಿಸಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸುಸ್ತಾಗಿದೆ,” ಎಂದರು.

ಮಾರನೆಯ ದಿನ ಕೂತು ಅವನು ಸತ್ತ ವರ್ಷದ ಆ ದಿನಕ್ಕೆ ತಿಥಿ ತೆಗೆದೆವು. ನನ್ನ ಪಂಚಾಂಗಕ್ಕೂ ಅವರದಕ್ಕೂ ಒಂದು ದಿನದ ವ್ಯತ್ಯಾಸ ಬಂತು. ನಾನು ಶಾಸ್ತ್ರಾರ್ಥಕ್ಕೆ ಸಿದ್ಧನಾಗಿದ್ದೆ. ಆದರೆ ಸತ್ತವನು ಅವರ ತಮ್ಮ, ಹಾಗಾಗಿ ಅವರದೇ ನಿಂತಿತು.

ಎಡೆಯನ್ನು ನಾವು ಮರ್ಫಿಗೆ ಹೋಗಿಬಂದ ವರ್ಷವೇ ಇಟ್ಟರು. ಮರ್ಫಿಗೂ ಹೇಳಿಕಳಿಸಿದ್ದರು. ಮಗಳು ಬಂದಳು, ಅವಳ ಅಪ್ಪ ಬರಲಿಲ್ಲ.