ಆಯುಧಪೂಜೆಯ ಕರಿಬಣ್ಣ

ತಪ್ಪು ಯಾರದೆಂದು ಗೊತ್ತಾಗುವ ಮೊದಲೇ ತೀರ್ಪು ಕೊಟ್ಟುಬಿಡುವ ದುರಭ್ಯಾಸ ನನಗಿದೆ. ಬಾಳೆಲ್ಲ ಗುಮಾಸ್ತನಾಗಿದ್ದವನು ನಾನು. ಕಚೇರಿಯಲ್ಲಿ ಸಿಗದ ಅಧಿಕಾರವನ್ನು ಮನೆಯಲ್ಲಿ ಚಲಾಯಿಸುತ್ತೇನೆ.

ನಮ್ಮದು ಇಪ್ಪತ್ತು ವರ್ಷದ ಕಾರು. ಹೆಂಡತಿ ಪದ್ಮಾ ಅದರಲ್ಲೇ ಬಳ್ಳಾರಿಯಿಂದ ಕುರುಗೋಡಿನ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಾಳೆ. ತೊಳೆದು ಒರೆಸುವ ಸೇವೆ ನನ್ನದು. ಆಯುಧಪೂಜೆ ಬಂತೆಂದರೆ ನನಗೆ ಮೈಮೇಲೆ ಬಂದಂತೆಯೇ ಸರಿ. ಈ ಸಲ ಬಾನೆಟ್ ಎತ್ತಿ, ಅಡ್ಡ ಬಂದ ವೈರುಗಳನ್ನು ಬಿಚ್ಚಿ, ಒಳಗೆಲ್ಲ ಕರಿಬಣ್ಣ ಬಳಿದು, ವೈರುಗಳನ್ನು ಮತ್ತೆ ಬಿಗಿದು, ಕುಂಕುಮವಿಟ್ಟು, ಕುಂಬಳಕಾಯಿ ಒಡೆದೆ. 'ಹೊಸಾ ಕಾರಿನಂಗ ಕಾಣ್ತದಲ್ರೀ' ಎಂದು ಪದ್ಮಾ ಹೊಗಳಿದ್ದೂ ಆಯಿತು.

ವಾರ ಕಳೆದು ಒಂದು ಬೆಳಿಗ್ಗೆ ಅವಳು ಕೀಲಿ ತಿರುವಿದರೆ 'ಟಕ್' ಎಂದಿತು, ಅಷ್ಟೇ. 'ರಾತ್ರಿ ಒಳಗಿನ ಲೈಟು ಹಂಗ ಬಿಟ್ಟಿ ನೀನು, ಬ್ಯಾಟರಿ ಇಳದದ' ಎಂದೆ.

'ಆರಿಸಿದ್ನಲ್ರೀ...' ಎಂದಳು. ದನಿ ಸ್ವಲ್ಪ ಅಳುಕಿತು. ನನಗೆ ಅಷ್ಟು ಸಾಕಾಯಿತು. ಪಾಪ, ಬಸ್ಸಿಗೆ ಓಡಿದಳು.

ಹೊಸ ಬ್ಯಾಟರಿ ಹಾಕಿಸಿದೆ. ಅದೂ ಟಕ್. ಸಿರುಗುಪ್ಪದ ಭಾವಮೈದ ಫೋನಿನಲ್ಲೇ ನಾಡಿ ಹಿಡಿದು, 'ಸ್ಟಾರ್ಟರ್ ಮೋಟರ್ ಹೋಗ್ಯದ ಭಾವಾ, ಗುಜರಿಗೆ ಹಾಕಿಬಿಡ್ರಿ' ಎಂದ. ಎಂಟು ದಿನ ಪದ್ಮಾ ಬಸ್ಸಿನಲ್ಲಿ ನಿಂತು ಹೋಗಿಬಂದಳು. ಹೊಸ ಬ್ಯಾಟರಿಗೂ ಕಾರು ಏಳದಿದ್ದರೂ ಪ್ರತಿ ಸಂಜೆ ಲೈಟಿನ ಪಾಠ ಹೇಳುವುದನ್ನು ನಾನು ಬಿಡಲಿಲ್ಲ. ಟೀಚರಿಗೇ ಪಾಠ ಹೇಳುವುದರಲ್ಲಿ ಅದೇನೋ ಸುಖ!

ಕೊನೆಗೆ ಓಣಿಯವರಿಂದ ತಳ್ಳಿಸಿ ಶುರುಮಾಡಿ, ಕೌಲ್ ಬಜಾರಿನ ಮೆಕ್ಯಾನಿಕ್ ಮೌಲಾಸಾಬರ ಬಳಿ ಒಯ್ದೆ. ಅವರು ಒಂದು ದಪ್ಪ ವೈರನ್ನು ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿ, 'ಕೀಲಿ ತಿರುವ್ರಿ' ಎಂದರು. ಕಾರು ಒಂದೇ ಏಟಿಗೆ ಎದ್ದಿತು!

'ಬ್ಯಾಟರಿ ಐತಿ, ಮೋಟರ್ ಐತಿ, ಅರ್ತಿಂಗ್ ಇಲ್ರಿ ರಾಯರ. ಬ್ಯಾಟರಿಯಿಂದ ಕಾರಿನ ಮೈಗೆ ಬರೋ ಅರ್ತ್ ವೈರಿನ ಬುಡಕ್ಕ ಬಣ್ಣಾ ಬಳದು ಅದರ ಮ್ಯಾಲೆ ಬೋಲ್ಟ್ ಹಾಕ್ಯಾರ. ಬಣ್ಣದಾಗ ಕರೆಂಟ್ ಹೆಂಗ ಹೋಗಬೇಕ್ರಿ? ಬೋಲ್ಟ್ ಒಂದೀಟು ಹಿಡಕೊಂಡಿತ್ತು, ವಾರ ನಡೀತು. ಯಾರ್ರಿ ಆ ಪುಣ್ಯಾತ್ಮ?'

ಪುಣ್ಯಾತ್ಮ ಕೀಲಿ ಹಿಡಿದು ಕೂತಿದ್ದ. ನಮ್ಮೂರ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಸೆದ ಶಿಲಾಯುಗದವರೂ ಅದಕ್ಕೆ ಏನಾದರೂ ಬಳಿದು ಕೈಮುಗಿದಿರಬಹುದು. ಅವರ ಪುಣ್ಯ, ಕೊಡಲಿಗೆ ಅರ್ತಿಂಗ್ ಬೇಕಿರಲಿಲ್ಲ. ಮೌಲಾಸಾಬರು ಉಪ್ಪುಕಾಗದದಿಂದ ರೂಪಾಯಿ ಅಗಲದಷ್ಟು ಬಣ್ಣ ಉಜ್ಜಿ ತೆಗೆದು, ವೈರು ಬಿಗಿದುಕೊಟ್ಟರು.

ಪದ್ಮಾಳನ್ನು ಕರೆತರಲು ಕಾರಿನಲ್ಲಿ ಹೊರಟವನು, 'ವೈರು ಹಳೇದಾಗಿತ್ತಂತ' ಎಂಬ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಬಸ್ ನಿಲ್ದಾಣದಲ್ಲಿ ಇಳಿದ ಪದ್ಮಾಳ ದಣಿದ ಮುಖ ಕಂಡಾಗ ಸುಳ್ಳು ಬಾಯಿಗೆ ಬರಲಿಲ್ಲ. ಅವಳು ಕಾರು ಹತ್ತಿದೊಡನೆ 'ಲೈಟಲ್ಲ, ನಾನು ಹಚ್ಚಿದ ಬಣ್ಣ' ಎಂದು ಎಲ್ಲ ಹೇಳಿದೆ.

ಬೈಯುತ್ತಾಳೆಂದು ಕಾದೆ. 'ಹೌದೇನ್ರೀ?' ಎಂದು ಸೀಟಿಗೆ ಒರಗಿದಳು. 'ನಾನ ಮರತೀನಿ ಅಂತ ಖರೇನ ನಂಬಿದ್ದೆ. ಎಂಟು ದಿನದಿಂದ ಸಾಲ್ಯಾಗ ಹಾಜರಿನೂ ಎರಡೆರಡು ಸಲ ಕರೀಲಿಕತ್ತೀನಿ. ತಲಿ ಕೆಟ್ಟಿತೇನೋ ಅಂತ ಹೆದರಿಕಿ ಆಗಿತ್ತು ನೋಡ್ರಿ.'

ನಾಚಿಕೆಯಿಂದ ನನಗೆ ಭೂಮಿಗಿಳಿದುಹೋದಂತಾಯಿತು. ಮನೆ ಮುಟ್ಟಿ ಇಳಿದ ಮೇಲೂ ಅವಳು ತಿರುಗಿ ಬಂದು ಕಿಟಕಿಯಿಂದ ಒಳಗಿನ ಲೈಟನ್ನು ಇಣುಕಿ ನೋಡಿದಳು. 'ನೀನು ನಡಿ, ನಾನು ನೋಡ್ತೀನಿ' ಎಂದೆ. ಅಂದಿನಿಂದ ಆ ಕೆಲಸ ನನ್ನದು. ಮುಂದಿನ ಆಯುಧಪೂಜೆಗೆ ಬಣ್ಣದ ಡಬ್ಬಿ ಅವಳೇ ಹಿಡಿಯಲಿ; ನನಗೆ ಉಪ್ಪುಕಾಗದ ಸಾಕು.