ಲ್ಯಾವೆಂಡರ್ ತೋಟಕ್ಕೆ ಕಸಿ ಚಾಕು ಹಿಡಿದು ಹೋದದ್ದು

ಶ್ರೀನಿವಾಸಪುರದಿಂದ ಮುಂಜಾನೆಯ ಮೊದಲ ಬಸ್ಸು ಹತ್ತಿದಾಗ ನಮ್ಮವರ ತೊಡೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಹೊಸದಾಗಿ ಮಸೆದ ಚಾಕು, ಪ್ಲಾಸ್ಟಿಕ್ ಪಟ್ಟಿಯ ಸುರುಳಿ, ಒಂದಿಷ್ಟು ಒದ್ದೆ ಬಟ್ಟೆ. ಬಟ್ಟೆಬರೆ ತುಂಬಿದ ಭಾರದ ಚೀಲ ಎಂದಿನಂತೆ ನನ್ನ ಪಾಲಿಗೆ ಬಂದಿತ್ತು. ಕಂಡಕ್ಟರು ನನಗೆ ಸೊನ್ನೆ ಟಿಕೆಟ್ ಹರಿದು ಕೊಟ್ಟು ಅವರಿಂದ ದುಡ್ಡು ಎಣಿಸಿಕೊಂಡ. "ಪೆಟ್ಟಿಗೆ ಹೊತ್ತವನಿಗೆ ಟಿಕೆಟ್ಟು, ಸುಮ್ಮನೆ ಕೂತವಳಿಗೆ ಪುಕ್ಕಟೆ" ಎಂದು ನಮ್ಮವರು ಗೊಣಗಿದರು. ಪ್ರಯಾಣ ಚೆನ್ನಾಗಿಯೇ ಶುರುವಾಯಿತು.

ನಾವು ಮಾವಿನ ಸಸಿ ಮಾರುವವರು. ವಾಟೆಯಿಂದ ಎದ್ದ ನಾಟಿ ಗಿಡದ ತಲೆ ಕತ್ತರಿಸಿ, ಆ ಮೋಟಿನ ಮೇಲೆ ಒಳ್ಳೆಯ ಜಾತಿಯ ಕಡ್ಡಿ ಕೂರಿಸಿ, ಪಟ್ಟಿ ಸುತ್ತಿ ಎರಡನ್ನೂ ಒಂದು ಮಾಡುವುದಕ್ಕೆ ನಮ್ಮ ಕಡೆ ಕಸಿ ಎನ್ನುತ್ತಾರೆ. ನಮ್ಮವರು ಕಟ್ಟಿದ ಕಸಿ ಸೋಲುವುದು ಅಪರೂಪ. ಅದರಿಂದಾಗಿ ಅವರಿಗೆ ಗಿಡಗಳ ವಿಷಯದಲ್ಲಿ 'ಗೊತ್ತಿಲ್ಲ' ಎಂಬ ಮಾತೇ ಮರೆತುಹೋಗಿದೆ. ಯಾರಾದರೂ ಪ್ರಶ್ನೆ ಕೇಳಲು ಬಾಯಿ ತೆರೆದರೆ ಸಾಕು, ಇವರ ಉತ್ತರ ಆಗಲೇ ಹೊರಟಿರುತ್ತದೆ.

ಹಾಸ್ಟೆಲಿನಲ್ಲಿ ನನ್ನ ಜೊತೆ ಓದಿದ ಜಯಾ ಮದುವೆಯಾಗಿ ಹೋದದ್ದು ಚಿಕ್ಕಮಗಳೂರಿನ ಮೇಲಿನ ಅತ್ತಿಗುಂಡಿಗೆ. ಗಂಡ ದಿನೇಶ್‌ಗೆ ಸಣ್ಣ ಕಾಫಿ ತೋಟ. ಮೂರು ವರ್ಷದ ಹಿಂದೆ ಜಯಾ ಹಟ ಮಾಡಿ ಮನೆಯ ಪಕ್ಕದ ಇಳಿಜಾರಿನಲ್ಲಿ ನೆರಳಿನ ಮರ ತೆಗೆಸಿ ಲ್ಯಾವೆಂಡರ್ ಹಾಕಿದ್ದಳು. ಅಲ್ಲಿನ ಮಳೆಗೆ ಪ್ರತಿ ವರ್ಷ ಒಂದಿಷ್ಟು ಗಿಡ ಬೇರು ಕೊಳೆತು ಸಾಯುತ್ತಿದ್ದವು. ಯುಗಾದಿಗೆ ಫೋನು ಮಾಡಿದಾಗ ಅವಳ ದನಿಯಲ್ಲಿ ಎಂದಿನ ಗೆಲುವಿರಲಿಲ್ಲ. ಈ ಸಲದ ಮಳೆಗಾಲವನ್ನು ಗಿಡಗಳು ದಾಟಿದರೆ ಇಳಿಜಾರು ಅವಳದು, ದಾಟದಿದ್ದರೆ ಮತ್ತೆ ಕಾಫಿಗೆ ಎಂದು ದಿನೇಶ್ ಹೇಳಿಬಿಟ್ಟಿದ್ದರಂತೆ. ಬೇಲಿಯ ಪಕ್ಕ ಕಾಫಿ ಸಸಿಗಳನ್ನು ತಂದು ಸಾಲಾಗಿ ಇಟ್ಟೂ ಆಗಿತ್ತಂತೆ.

"ಭಾವಂಗೆ ಕೊಡೇ ಫೋನು" ಎಂದಳು. ನಾನು ಸ್ಪೀಕರ್ ಹಾಕಿದೆ.

"ಭಾವ, ಗಿಡ ಉದ್ದುದ್ದ ಬೆಳ್ದು ಬುಡ ಬೋಳಾಗಿದೆ. ಕಸಿ ಮಾಡ್ಲಾ?"

"ಮಾಡಮ್ಮಾ, ಅದಕ್ಕೂ ಕೇಳ್ಬೇಕಾ? ಮೂರು ಮಳೆ ತಡ್ಕೊಂಡಿರೋ ಬೇರು ಅಂದ್ರೆ ಗಟ್ಟಿ ಬೇರು. ಕಸಿಗೆ ಹೇಳಿ ಮಾಡಿಸಿದ್ದು."

"ಎಲ್ಲಿಗೆ ಕತ್ತರಿಸ್ಲಿ?"

"ಬುಡದಿಂದ ಒಂದು ಗೇಣು ಬಿಟ್ಟು, ಓರೆಯಾಗಿ. ಭಯಪಡ್ಬೇಡ. ನಾವು ಬರೋ ಹೊತ್ತಿಗೆ ಕತ್ತರಿಸಿ ಇಟ್ಟಿರು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಆವರೆಗೆ ನಮ್ಮವರು ಲ್ಯಾವೆಂಡರನ್ನು ಕಂಡಿದ್ದದ್ದು ಸೋಪಿನ ಹೊದಿಕೆಯ ಮೇಲೆ ಮಾತ್ರ.

ಬೆಂಗಳೂರಿನಲ್ಲಿ ಇಳಿದು ಪರಿಚಯದ ನರ್ಸರಿಯೊಂದಕ್ಕೆ ಹೋಗಿ ಒಳ್ಳೆಯ ಜಾತಿಯ ಲ್ಯಾವೆಂಡರ್ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಸಿಕೊಂಡೆವು. ಅಲ್ಲಿಂದ ಚಿಕ್ಕಮಗಳೂರಿಗೆ ಐದಾರು ಗಂಟೆಯ ದಾರಿ. ಏಪ್ರಿಲ್ ಬಿಸಿಲಿಗೆ ಬಸ್ಸಿನ ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ. ನಾನು ಬಾಯಾರಿ ಸತ್ತರೂ ಚಿಂತೆಯಿಲ್ಲ, ಕಡ್ಡಿಗಳಿಗೆ ಮಾತ್ರ ಗಂಟೆಗೊಮ್ಮೆ ಬಾಟಲಿ ನೀರು ಬೀಳುತ್ತಿತ್ತು. ಹಾಸನದಲ್ಲಿ ಅನ್ನ ಸಾರು ಉಂಡೆವು. ಚಿಕ್ಕಮಗಳೂರಿನಲ್ಲಿ ಬಸ್ ನಿಲ್ದಾಣದ ಹತ್ತಿರವೇ ಲಾಡ್ಜಿನಲ್ಲಿ ಉಳಿದೆವು.

ಮರುದಿನ ಬೆಳಿಗ್ಗೆ ಅತ್ತಿಗುಂಡಿಗೆ ಜೀಪು ಸಿಕ್ಕಿತು. ಓಡಿಸುತ್ತಿದ್ದವರು ಇಬ್ರಾಹಿಂ, ನಲವತ್ತರ ಆಸುಪಾಸಿನ ಮಾತುಗಾರ. ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಗಾಳಿ ತಣ್ಣಗಾಯಿತು, ರಸ್ತೆ ಸುತ್ತತೊಡಗಿತು. ಒಂದು ತಿರುವಿನಲ್ಲಿ ಎಸ್ಟೇಟಿನ ಗೇಟಿಗೆ ಕಟ್ಟಿದ ಹಲಗೆ ಕಂಡು ನಮ್ಮವರು ನನ್ನ ಮೊಣಕೈ ತಿವಿದರು. 'ಕಸಿ ಕೆಲಸಕ್ಕೆ ಜನ ಬೇಕಾಗಿದ್ದಾರೆ' ಎಂದು ಬರೆದಿತ್ತು.

"ನೋಡಿದ್ಯಾ? ಇಲ್ಲೂ ಕಸಿಗೆ ಎಷ್ಟು ಬೆಲೆ!" ಎಂದು ಹಿಗ್ಗಿ ಇಬ್ರಾಹಿಂ ಕಡೆ ಬಾಗಿದರು. "ನಾನೂ ಕಸಿಯವನೇ ಕಣ್ರೀ. ನಮ್ಮ ಕಡೆ ನನ್ನ ಬಿಟ್ರೆ ಇಲ್ಲ."

ಇಬ್ರಾಹಿಂ ಕನ್ನಡಿಯಲ್ಲಿ ಅವರ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೂ ನರೆತ ತಲೆಯನ್ನೂ ನೋಡಿದರು. "ನೀವಾ ಸಾರ್? ಈ ವಯಸ್ಸಲ್ಲಿ ಮರ ಹತ್ತುತ್ತೀರಾ?"

"ಮರ ಯಾಕೆ ಹತ್ತಲಿ? ನೆರಳಲ್ಲಿ ಸ್ಟೂಲು ಹಾಕ್ಕೊಂಡು ಕೂತು ಮಾಡ್ತೀನಿ."

ಅಷ್ಟು ಮಾತಾಡುತ್ತಿದ್ದ ಮನುಷ್ಯ ಆಮೇಲೆ ತುಟಿ ಬಿಚ್ಚಲಿಲ್ಲ. "ನಂಬಿಕೆ ಬರಲಿಲ್ಲ ಇವನಿಗೆ" ಎಂದು ನಮ್ಮವರು ನನ್ನ ಕಿವಿಯಲ್ಲಿ ಬೇಸರಪಟ್ಟುಕೊಂಡರು. ಇಬ್ರಾಹಿಂಗೆ ಆಗ ಏನು ಅನ್ನಿಸಿರಬಹುದೆಂದು ಈಗ ನೆನೆದರೆ ನನಗೆ ನಗು, ನಾಚಿಕೆ ಎರಡೂ ಬರುತ್ತವೆ.

ಜಯಾ ಗೇಟಿನಲ್ಲೇ ಕಾಯುತ್ತಿದ್ದಳು. ಅಪ್ಪಿಕೊಂಡಾಗ ಅವಳ ಸೆರಗು, ಕೂದಲು ಎಲ್ಲ ಲ್ಯಾವೆಂಡರ್ ಘಮ. ಒಳಗೆ ಹೋದರೆ ಮಂಚದ ಹೊದಿಕೆಗೂ ಅದೇ, ಕುಡಿಯಲು ಕೊಟ್ಟ ಕಾಫಿಗೂ ಅದೇ. ಹೂವಿನ ಕಟ್ಟುಗಳನ್ನು ಅವಳು ಕಾಫಿ ಸ್ಟೋರಿನಲ್ಲಿ ತಲೆಕೆಳಗಾಗಿ ಇಳಿಬಿಟ್ಟು ಒಣಗಿಸುತ್ತಾಳೆ. ಒಣಗಿದ ಹೂವನ್ನು ಹಳೆ ಸೀರೆಯ ಪುಟ್ಟ ಚೀಲಗಳಲ್ಲಿ ತುಂಬಿ ಬೆಟ್ಟ ನೋಡಲು ಬರುವವರಿಗೆ ಮಾರುತ್ತಾಳೆ. ಹೋದ ವರ್ಷ ಅದೇ ಸ್ಟೋರಿನಲ್ಲಿದ್ದ ಪಾರ್ಚ್‌ಮೆಂಟ್ ಕಾಫಿ ಮೂಟೆಗಳಿಗೂ ಆ ವಾಸನೆ ಹತ್ತಿ, ಕಾಫಿ ಕೊಳ್ಳಲು ಬಂದವನು ಮೂಸಿ ನೋಡಿ ಹಾಗೇ ಹೋಗಿದ್ದನಂತೆ. "ಅವತ್ತಿಂದ ಇವರು ನನ್ನ ಗಿಡದ ಮುಖ ನೋಡಲ್ಲ ಮಾರಾಯ್ತಿ" ಎಂದು ಜಯಾ ಗಂಡನ ಕಡೆ ಕಣ್ಣು ಹೊಡೆದಳು. ದಿನೇಶ್ ಕಡಿಮೆ ಮಾತಿನವರು. ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ ಬಡಿಸಿದ ತಟ್ಟೆಯ ಮೇಲೆ ಬಾಗಿ ಮೆಲ್ಲಗೆ ನಕ್ಕರು.

ಕೆಲಸ ಏನೇನು ಎಂದು ಕೇಳಿದ್ದಕ್ಕೆ ಜಯಾ ಹೇಳುತ್ತಾ ಹೋದಳು. ಮಳೆ ಮುಗಿದ ಕೂಡಲೇ ಏರು ಮಡಿಗಳಿಗೆ ಹೊಸದಾಗಿ ಜಲ್ಲಿ, ಮರಳು ಹಾಕಬೇಕು. ಸಂಕ್ರಾಂತಿ ಕಳೆದ ಮೇಲೆ ಹೂವು. ಹೂವು ಅರೆ ಬಿರಿದಿರುವಾಗಲೇ, ಇಬ್ಬನಿ ಆರಿದ ಮೇಲೆ, ಕುಡುಗೋಲಿನಿಂದ ಕೊಯ್ಯಬೇಕು. ಮೇ ಕೊನೆಗೆ ಬಿದಿರಿನ ಗೂಟ ನಿಲ್ಲಿಸಿ ಪ್ಲಾಸ್ಟಿಕ್ ಹಾಳೆಯ ಚಾವಣಿ ಕಟ್ಟಬೇಕು. ಗಾಳಿ ಅದನ್ನು ಹರಿದು ಒಯ್ದರೆ ಮಳೆಯಲ್ಲೇ ನಿಂತು ಮತ್ತೆ ಕಟ್ಟಬೇಕು. ಇಷ್ಟನ್ನು ಒಬ್ಬಳೇ ಮಾಡುತ್ತಾಳಲ್ಲ ಎಂದು ನನಗೆ ಅವಳ ಮೇಲೆ ಹೆಮ್ಮೆ ಉಕ್ಕಿತು.

"ಬನ್ನಿ ಭಾವ, ನೀವು ಹೇಳಿದ ಹಾಗೇ ಮಾಡಿದ್ದೀನಿ" ಎಂದು ಜಯಾ ಎದ್ದಳು.

ನೇರಳೆ ಬಣ್ಣದ ಗುಡ್ಡವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಅವಳ ಹಿಂದೆ ಹೋದೆ. ಮನೆಯ ಮೂಲೆ ತಿರುಗಿದ್ದೇ ನನ್ನ ಕಾಲು ನಿಂತುಬಿಟ್ಟಿತು. ಇಳಿಜಾರಿನ ಮೇಲಿನಿಂದ ಕೆಳಗಿನವರೆಗೆ ಬರೀ ಮೋಟುಗಳು. ಒಂದು ಗೇಣಿನ ಕಂದು ಬಣ್ಣದ ಒಣ ಕಟ್ಟಿಗೆಗಳು ಸಾಲು ಸಾಲಾಗಿ ನಿಂತಿದ್ದವು. ಬೇಲಿಯ ಕಡೆಯ ಒಂದೇ ಒಂದು ಸಾಲಿನಲ್ಲಿ ಬೂದು ಹಸಿರಿನ ಎಲೆ ಉಳಿದಿತ್ತು, ಅದರಾಚೆ ದಿನೇಶ್ ಇಟ್ಟ ಕಾಫಿ ಸಸಿಗಳು.

"ನಿನ್ನೆ ಪೂರ್ತಿ ಕತ್ತರಿಸ್ದೆ. ಸಂಜೆ ಗುಡುಗು ಬಂತು, ಆ ಒಂದು ಸಾಲು ಉಳೀತು" ಎಂದಳು ಜಯಾ. ಅವಳ ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಬರೆದು ಬಂದವಳ ಸಂತೋಷ.

ನನಗೆ ಅಳುಕಾದರೂ ನಮ್ಮವರ ಮೇಲೆ ಭರವಸೆ ಇತ್ತು. ಕಸಿಗೆ ಮುಂಚೆ ನಮ್ಮ ಮಾವಿನ ಗಿಡಗಳೂ ಹೀಗೇ ಬೋಳಾಗಿರುತ್ತವಲ್ಲ. ಅವರು ಪೆಟ್ಟಿಗೆ ಬಿಚ್ಚಿ ಚಾಕು, ಪಟ್ಟಿ ಹೊರಗಿಟ್ಟು ಕಡ್ಡಿಗಳ ಗಂಟು ಬಿಡಿಸಿದರು. "ಸರಿ, ಈಗ ಕಡ್ಡಿ ಕೂರಿಸೋಣ."

"ಯಾವ ಕಡ್ಡಿ?" ಎಂದಳು ಜಯಾ.

"ಕಸಿ ಕಡ್ಡಿ ಕಣಮ್ಮಾ."

"ಕಸಿ ಆಯ್ತಲ್ಲ ಭಾವ!"

"ಎಲ್ಲಾಯ್ತು? ಬರೀ ಕತ್ತರಿಸಿದ್ದೀಯ."

"ಕತ್ತರಿಸೋದೇ ಅಲ್ವಾ ಕಸಿ?"

ಮೂವರೂ ಮುಖ ಮುಖ ನೋಡಿಕೊಂಡೆವು. ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದ ದಿನೇಶ್ ನಮ್ಮ ಕಡೆ ನಡೆದುಬಂದರು. ಅವರೇ ಬಿಡಿಸಿ ಹೇಳಿದ್ದು. ಕಾಫಿ ಸೀಮೆಯಲ್ಲಿ ಕಸಿ ಎಂದರೆ ಗಿಡದ ಬೇಡದ ರೆಂಬೆ ಕತ್ತರಿಸುವುದು. ಕೊಯ್ಲು ಮುಗಿದ ಮೇಲೆ ಎಲ್ಲ ತೋಟಗಳಲ್ಲೂ ಅದೇ ಕೆಲಸ. ನೆರಳಿನ ಮರ ಹತ್ತಿ ಕೊಂಬೆ ಇಳಿಸಿದರೆ ಅದು ಮರಗಸಿ. ಮುದಿ ಕಾಫಿ ಗಿಡವನ್ನು ಗೇಣುದ್ದಕ್ಕೆ ಕಡಿದರೂ ಬುಡದಿಂದ ಚಿಗುರು ನುಗ್ಗಿ ಬರುತ್ತದೆ. "ನಮ್ಮಲ್ಲಿ ಎಲ್ರೂ ಇದನ್ನೇ ಕಸಿ ಅನ್ನೋದು ಸಾರ್" ಎಂದರು. ನಾನು ಚಪ್ಪಲಿಯ ತುದಿ ನೋಡುತ್ತಾ ನಿಂತೆ. ಒಂದೇ ಭಾಷೆ, ಒಂದೇ ಮಾತು. ಎರಡು ಬಸ್ಸು ಬದಲಿಸುವಷ್ಟರಲ್ಲಿ ಅದರ ಅರ್ಥ ಹೀಗೆ ತಿರುಗಿಬಿಡುತ್ತದೆಯೇ?

ನಮ್ಮವರು ಒಂದು ಮೋಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ತೊಗಟೆ ಕೆರೆದರು. ಇನ್ನೊಂದು ಕೆರೆದರು. ಎಲ್ಲೂ ಒಂದು ಚಿಗುರಿನ ಗುರುತು ಕಾಣಲಿಲ್ಲ. ಆಮೇಲೆ ಬೆಂಗಳೂರಿನ ನರ್ಸರಿಯವರಿಗೆ ಫೋನು ಮಾಡಿದರು. ಆ ಕಡೆಯ ದನಿ ನಮಗೆಲ್ಲ ಕೇಳಿಸಿತು: "ಲ್ಯಾವೆಂಡರ್‌ನ ಹಸಿರು ಎಲೆ ಇರೋ ಜಾಗದ ತನಕ ಮಾತ್ರ ಕತ್ತರಿಸ್ಬೇಕು. ಹಳೇ ಕಟ್ಟಿಗೆಗೆ ಇಳಿದ್ರೋ, ಅಂಥ ಗಿಡ ಚಿಗುರೋದು ಕಷ್ಟ. ಹೆಚ್ಚಿನವು ಸತ್ತೇ ಹೋಗ್ತವೆ. ಅದರ ಮೇಲೆ ಕಡ್ಡಿ ಕೂರಿಸಿದ್ರೂ ಹಿಡಿಯಲ್ಲ. ಯಾರು ಹೇಳಿದ್ದು ಅಷ್ಟು ಕತ್ತರಿಸೋಕೆ?"

ನಮ್ಮವರು ಫೋನು ಇಟ್ಟರು.

"ನೀವು ಕಸಿ ಮಾಡು ಅಂದ್ರಲ್ಲ ಭಾವ" ಎಂದಳು ಜಯಾ. ಅವಳು ಬೈದಿದ್ದರೆ ವಾಸಿಯಿತ್ತು. ಮಾತು ತೀರಾ ಸಣ್ಣಗೆ ಬಂತು. "ಒಂದು ಗೇಣು ಅಂದ್ರಿ. ನಾನು ಕೈಯಿಟ್ಟು ಅಳೆದು ಅಳೆದು ಕತ್ತರಿಸ್ದೆ."

"ಏನೂ ಮಾಡೋಕಾಗಲ್ವಾ?" ಎಂದು ನಾನು ಇವರನ್ನು ಕೇಳಿದೆ.

"ನನಗೆ ಗೊತ್ತಿಲ್ಲ ಕಣೇ" ಎಂದರು.

ಮದುವೆಯಾದಾಗಿನಿಂದ ಆ ಮಾತು ಅವರ ಬಾಯಲ್ಲಿ ಕೇಳಿರಲಿಲ್ಲ. ಮೋಟುಗಳನ್ನು ಕಂಡಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಬಿಳಿ ಅಂಗಿಗೆ ಕೆಮ್ಮಣ್ಣು ಮೆತ್ತಿಕೊಂಡು ಕೂತಿದ್ದ ಅವರನ್ನು ಕಂಡರೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು. ಕೊನೆಗೆ ನಮ್ಮವರೇ ತಲೆಯೆತ್ತಿದರು.

"ಕತ್ತರಿಸಿದ ಸೊಪ್ಪು ಎಲ್ಲಿ ಹಾಕಿದ್ದೀಯಮ್ಮಾ?"

ಜಯಾ ಅದನ್ನು ಎಸೆದಿರಲಿಲ್ಲ. ಎಲೆಗೂ ಘಮವಿರುತ್ತದೆಂದು ಕಟ್ಟು ಕಟ್ಟುವುದಕ್ಕೆ ಸ್ಟೋರಿನ ತಂಪಿನಲ್ಲಿ ಗೋಣಿ ಮುಚ್ಚಿ ಇಟ್ಟಿದ್ದಳು. ಮೇಲಿನದು ಬಾಡಿತ್ತು. ಕೆಳಗೆ ಕೈ ಹಾಕಿದರೆ ತಣ್ಣಗೆ, ಹಸಿರಾಗಿತ್ತು. ಒಂದು ಕುಡಿ ಎತ್ತಿ ಬಾಗಿಸಿ ನೋಡಿದ ನಮ್ಮವರ ಕಣ್ಣಿಗೆ ಸ್ವಲ್ಪ ಜೀವ ಬಂತು. ಇವನ್ನು ಮರಳು ಮಣ್ಣಿಗೆ ಚುಚ್ಚಿದರೆ ಕೆಲವಾದರೂ ಬೇರು ಬಿಡಬಹುದು, ಬಿಡದೆಯೂ ಇರಬಹುದು ಎಂದರು. ತಂದ ಕಡ್ಡಿಗಳನ್ನೂ ಹಾಗೇ ನೆಡೋಣ ಎಂದರು. ಅವರ ಮಾತಿನಲ್ಲಿ ಅಷ್ಟೊಂದು 'ಬಹುದು' ಬಂದದ್ದೂ ಹೊಸತೇ.

"ಚುಚ್ಚೋಕೆ ಚೀಲ ಬೇಕಲ್ಲ?" ಎಂದೆ.

ದಿನೇಶ್ ಸ್ಟೋರಿನ ಹಿಂದಿನಿಂದ ಕಾಫಿ ಬೀಜದ ಸಸಿಗೆಂದು ತಂದಿಟ್ಟಿದ್ದ ನರ್ಸರಿ ಚೀಲಗಳ ಕಟ್ಟು ತಂದು ಹೆಂಡತಿಯ ಮುಂದಿಟ್ಟರು. "ತಗೋ. ಆದ್ರೆ ನಾನಂದ ಮಾತು ಅದೇ. ಜೋರು ಮಳೆ ಹಿಡಿಯೋದ್ರೊಳಗೆ ಇವು ಬೇರು ಬಿಡ್ಬೇಕು. ಇಲ್ದಿದ್ರೆ ಕಾಫಿ."

"ಆಯ್ತು" ಎಂದಳು ಜಯಾ, ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿದಳು.

ಆ ದಿನವಿಡೀ ನಾವು ಮರಳು ಜರಡಿ ಹಿಡಿದೆವು, ಚೀಲ ತುಂಬಿದೆವು, ಕುಡಿಯ ಕೆಳಗಿನ ಎಲೆ ಸವರಿ ಚುಚ್ಚಿದೆವು. ಉಳಿದ ಒಂದು ಸಾಲಿನಿಂದಲೂ ನಾಲ್ಕಾರು ಕುಡಿ ತೆಗೆದುಕೊಂಡೆವು. ಕತ್ತರಿ ಹಾಕುವಾಗ ಪ್ರತಿ ಸಲ ಜಯಾ ಮುಖ ತಿರುಗಿಸುತ್ತಿದ್ದಳು. ಸಂಜೆ ಗುಡುಗಿ ಒಂದು ಮಳೆ ಬಂದು ಹೋಯಿತು. ಒದ್ದೆಯಾದ ಮೋಟುಗಳಿಂದ ಘಮ ಎಷ್ಟು ಜೋರಾಗಿ ಎದ್ದಿತೆಂದರೆ ಗಿಡಗಳು ಸತ್ತಿವೆಯೆಂದು ನಂಬಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಇಬ್ರಾಹಿಂ ಅವರ ಜೀಪೇ ಬಂತು. ಹೊರಡುವಾಗ ಜಯಾ ನನಗೊಂದು ಹೂವಿನ ಚೀಲ ಕೊಟ್ಟಳು. ಭಾವನಿಗೆ ನಮಸ್ಕಾರ ಮಾಡಿದಳು, ನಗಲಿಲ್ಲ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಚೀಲಗಳ ಸಾಲಿನ ಮೇಲೆ ಅವಳು ನೆರಳಿನ ಬಲೆ ಎಳೆಯುತ್ತಿದ್ದಳು, ಇನ್ನೊಂದು ತುದಿಯನ್ನು ದಿನೇಶ್ ಹಿಡಿದಿದ್ದರು. ಕಾಫಿ ಸಸಿಗಳು ಬೇಲಿಯ ಪಕ್ಕ ಇದ್ದಲ್ಲೇ ಇದ್ದವು.

ದಾರಿಯ ಎರಡೂ ಬದಿ ಕಸಿಯಾದ ಕಾಫಿ ಗಿಡಗಳು, ಕೊಂಬೆ ಇಳಿಸಿದ ಮರಗಳು. ಹೋಗುವಾಗಲೂ ಇದ್ದವು, ನಾವು ನೋಡಿರಲಿಲ್ಲ ಅಷ್ಟೆ. ಎಸ್ಟೇಟಿನ ಗೇಟಿನ ಹಲಗೆ ಬಂದಾಗ ನಮ್ಮವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತಗಡಿನ ಪೆಟ್ಟಿಗೆ ಅವರ ಕಾಲ ಬಳಿ ಇತ್ತು.

ಇಬ್ರಾಹಿಂ ಕನ್ನಡಿಯಲ್ಲಿ ನೋಡಿ, ಹೇಗೋ ಮಾತು ತೆಗೆಯಬೇಕೆಂದು, "ಕಸಿ ಆಯ್ತಾ ಸಾರ್?" ಎಂದರು.

ಕೇಳಿದವರ ಮಾತು ಮುಗಿಯುವವರೆಗೂ ಎಂದೂ ಕಾಯದ ನಮ್ಮವರು ಈ ಸಲ ಮುಂದಕ್ಕೆ ಬಾಗಿ ಅವರನ್ನೇ ಕೇಳಿದರು:

"ಯಾವ ಕಸಿ?"